ಎರರ್ ಸಂಖ್ಯೆ ಕೈತಪ್ಪುವ ಮುನ್ನ: ಕಂಪೈಲರ್ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಸ್ವಂತ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಾಧನ) ಕಟ್ಟುತ್ತಿರುವವರದೇ ಹೆಚ್ಚು. ಪಾರ್ಸರ್, ವ್ಯಾಕರಣದ ಬಗ್ಗೆ ಯಾರೂ ಕೇಳಿಲ್ಲ. ತೊಡಕೆಲ್ಲ ಅದರ ಕೆಳಗಿನ ಸಪೋರ್ಟ್ ಲೈಬ್ರರಿಯದ್ದು: ಫೈಲ್ ತೆರೆಯುವುದು, ಬರೆಯುವುದು, ಹೆಸರು ಬದಲಿಸುವುದು, ಇವು ಕೈಕೊಟ್ಟಾಗ ಏನಾಯಿತೆಂದು ನೆಟ್ಟಗೆ ಹೇಳುವುದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸೋರ್ಸ್ ಫೈಲ್ ಇಲ್ಲದಿದ್ದಾಗ ನಮ್ಮ ಕಂಪೈಲರ್ ‘ನೋ ಸಚ್ ಫೈಲ್’ ಎನ್ನಬೇಕು. ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದರೆ ಮಾತ್ರ ‘ಇನ್‌ಅಪ್ರೋಪ್ರಿಯೇಟ್ ಐಆಕ್ಟಲ್ ಫಾರ್ ಡಿವೈಸ್’ ಎನ್ನುತ್ತದೆ. ಒಂದೆರಡು ಸಲ ‘ತೆರೆಯಲಾಗಲಿಲ್ಲ: ಸಕ್ಸೆಸ್’ ಎಂದೂ ಬಂದಿದೆ. ಏನಿದು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪ್ರೋಗ್ರಾಂ ಬೇರೊಂದು ಕರೆಯ ಎರರನ್ನು ಓದಿ ಹೇಳುತ್ತಿದೆ. ‘ಎರ್‌ನೋ’ ಎಂಬುದು ಸೋತ ಕರೆ ತನ್ನ ಎರರ್ ಸಂಖ್ಯೆ ಇಡುವ ಜಾಗ, ಪ್ರತಿ ಥ್ರೆಡ್ಡಿಗೆ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಎಳೆಗೆ) ಒಂದೇ ಒಂದು ಡಬ್ಬಿ. ಆಮೇಲೆ ಸೋತ ಯಾವುದೇ ಕರೆ ಅದರಲ್ಲಿದ್ದ ಸಂಖ್ಯೆಯನ್ನು ಒರೆಸಿ ತನ್ನದನ್ನು ಇಡುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇಷ್ಟು: ‘ಓಪನ್’ ಸೋತಿತು, ಡಬ್ಬಿಯಲ್ಲಿ 2 (ಫೈಲ್ ಇಲ್ಲ) ಕೂತಿತು. ಎರರನ್ನು ಕೆಂಪು ಬಣ್ಣದಲ್ಲಿ ತೋರಿಸಬೇಕೋ ಬೇಡವೋ ಎಂದು ತಿಳಿಯಲು ನಿಮ್ಮ ಕೋಡ್ ‘ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದೆಯೇ’ ಎಂದು ಕೇಳಿತು. ಹೋಗುತ್ತಿರಲಿಲ್ಲ, ಹಾಗಾಗಿ ಡಬ್ಬಿಯಲ್ಲಿ 25 (ಇದು ಟರ್ಮಿನಲ್ ಅಲ್ಲ) ಬಂತು. ಅದಾದ ಮೇಲೆ ನೀವು ಸಂಖ್ಯೆಯನ್ನು ಮಾತಾಗಿಸುವ ‘ಸ್ಟ್ರ್‌ಎರರ್’ ಕರೆದಿರಿ. ಅದು 25ರ ಅರ್ಥವನ್ನು ಹೇಳಿತು. ಟರ್ಮಿನಲ್ಲಿನಲ್ಲೇ ಓಡಿಸಿದಾಗ ತಪ್ಪು ಕಾಣದಿರುವುದಕ್ಕೆ ಕಾರಣವೂ ಇದೇ.

‘ಸಕ್ಸೆಸ್’ ಬರುವುದು ಡಬ್ಬಿಯಲ್ಲಿ 0 ಇದ್ದಾಗ. ಸ್ಟ್ಯಾಂಡರ್ಡ್ ಲೈಬ್ರರಿಯ ಯಾವ ಫಂಕ್ಷನ್ನೂ ಎರ್‌ನೋವನ್ನು ತಾನಾಗಿ 0 ಮಾಡುವುದಿಲ್ಲ. ಆದ್ದರಿಂದ ಎರಡೇ ಸಾಧ್ಯತೆ. ಪಠ್ಯವನ್ನು ಸಂಖ್ಯೆಯಾಗಿಸುವ ‘ಸ್ಟ್ರ್‌ಟೋಲ್’ ಕರೆಯುವ ಮುನ್ನ ನಿಮ್ಮದೇ ಕೋಡ್ ಅದನ್ನು 0 ಮಾಡಿದೆ. ಇಲ್ಲವೇ ಸೋಲು ಸಿಸ್ಟಂ ಕಡೆಯದ್ದೇ ಅಲ್ಲ, ಫೈಲ್ ತೆರೆದುಕೊಂಡು ಒಳಗಿನ ಗುರುತು ಸರಿಯಿಲ್ಲವೆಂದು ನಿಮ್ಮ ಫಂಕ್ಷನ್ನೇ ‘ನಲ್’ ಹಿಂತಿರುಗಿಸಿದೆ.

ಮೊದಲು ಕರೆಯ ರಿಟರ್ನ್ ಬೆಲೆಯನ್ನು ನೋಡಿ. ಅದು ಸೋಲೆಂದರೆ ಮಾತ್ರ, ಮುಂದಿನ ಸಾಲಿನಲ್ಲೇ, ಎರ್‌ನೋವನ್ನು ಒಂದು ಲೋಕಲ್ ವೇರಿಯಬಲ್ಲಿಗೆ ಎತ್ತಿಟ್ಟುಕೊಳ್ಳಿ. ನಡುವೆ ಮೆಸೇಜ್ ಕಟ್ಟುವುದು, ಲಾಗ್ ಬರೆಯುವುದು, ಇನ್ನೊಂದು ಫೈಲ್ ಮುಚ್ಚುವುದು ಯಾವುದೂ ಬೇಡ. ಸಿ++ನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ದಾರಿ ಇದೆ: ಸ್ಕೋಪ್ ಮುಗಿಯುವಾಗ ಓಡುವ ಡಿಸ್ಟ್ರಕ್ಟರ್ ಒಳಗಿನ ‘ಕ್ಲೋಸ್’ ಕೂಡ ಸಂಖ್ಯೆಯನ್ನು ಕೆಡಿಸಬಲ್ಲದು. ‘ಫ್ರೀ’ ಕರೆ (ಮೆಮೊರಿ ಬಿಟ್ಟುಕೊಡುವುದು) ಎರ್‌ನೋವನ್ನು ಮುಟ್ಟದಂತೆ, ಹೆಚ್ಚಿನ ಲಿನಕ್ಸ್‌ಗಳ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.33 ಆವೃತ್ತಿಯಿಂದ ಸರಿಪಡಿಸಿದ್ದಾರೆ, ಆದರೆ ಬೇರೆ ಸಿ ಲೈಬ್ರರಿಗಳಲ್ಲೂ ಓಡಬೇಕಾದ ಕೋಡ್ ಅದನ್ನು ನಂಬಿಕೊಳ್ಳಬಾರದು. ವಿಂಡೋಸಿನಲ್ಲಿ ಕೊನೆಯ ಎರರ್ ಸಂಖ್ಯೆ ಹೇಳುವ ‘ಗೆಟ್‌ಲಾಸ್ಟ್‌ಎರರ್’ಗೂ ಇದೇ ಎಚ್ಚರ ಬೇಕು.

ಪ್ರಶ್ನೆ: ಲ್ಯಾಬಿನಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್, ಸ್ನೇಹಿತನ ಬಳಿ ಮ್ಯಾಕ್. ಎರರ್ ಸಂಖ್ಯೆಯನ್ನು ಒಂದು ‘ಇಂಟ್’ನಲ್ಲಿಟ್ಟು ಎಲ್ಲ ಕಡೆ ದಾಟಿಸುತ್ತಿದ್ದೇವೆ. ಫೈಲ್ ಇಲ್ಲದಿದ್ದಾಗ ಮೂರರಲ್ಲೂ 2 ಬಂದದ್ದರಿಂದ ಧೈರ್ಯವಾಯಿತು. ಈಗ ಇನ್‌ಕ್ಲೂಡ್ ಹುಡುಕಾಟ (ಸೋರ್ಸ್ ಕೇಳಿದ ಹೆಡರ್ ಫೈಲನ್ನು ಡೈರೆಕ್ಟರಿಗಳಲ್ಲಿ ಹುಡುಕುವುದು) ವಿಂಡೋಸಿನಲ್ಲಿ ಅರ್ಧಕ್ಕೆ ನಿಲ್ಲುತ್ತಿದೆ.
– ಚಿಕ್ಕಮಗಳೂರಿನ ಓದುಗರು

ಉತ್ತರ: ಆ 2 ಹೊಂದಿದ್ದು ಕಾಕತಾಳೀಯ. ಮುಂದೆ ಹೋದಂತೆ ದಾರಿ ಬೇರೆಯಾಗುತ್ತದೆ. ಲಿನಕ್ಸಿನಲ್ಲಿ 11 ಎಂದರೆ ‘ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ’, 35 ಎಂದರೆ ಡೆಡ್‌ಲಾಕ್. ಮ್ಯಾಕಿನಲ್ಲಿ ಸರಿಯಾಗಿ ಅದಲುಬದಲು: 35 ಮತ್ತೆ ಪ್ರಯತ್ನಿಸಿ, 11 ಡೆಡ್‌ಲಾಕ್. ಲಿನಕ್ಸಿನ 5 ಡಿಸ್ಕ್ ಓದು-ಬರಹದ ಎರರ್. ವಿಂಡೋಸಿನ 5 ಅನುಮತಿ ಇಲ್ಲವೆಂದು. ಬರಿಯ ಸಂಖ್ಯೆಗೆ ಅರ್ಥವಿಲ್ಲ, ಅದು ಯಾರ ಪಟ್ಟಿಯದ್ದು ಎಂಬುದೂ ಜೊತೆಗೇ ಹೋಗಬೇಕು. ಸಿ++11ರ ‘ಎರರ್ ಕೋಡ್’ ಟೈಪ್ ಮಾಡುವುದು ಇದನ್ನೇ, ಒಂದು ಸಂಖ್ಯೆ ಮತ್ತು ಒಂದು ಕೆಟಗರಿ. ವಿಂಡೋಸಿನಲ್ಲಿ ಸಿ ರನ್‌ಟೈಮ್ ಕೊಟ್ಟ ಎರ್‌ನೋ ಸಂಖ್ಯೆಯನ್ನು ‘ಜೆನೆರಿಕ್’ ಕೆಟಗರಿಯಲ್ಲೂ ಗೆಟ್‌ಲಾಸ್ಟ್‌ಎರರ್ ಸಂಖ್ಯೆಯನ್ನು ‘ಸಿಸ್ಟಂ’ ಕೆಟಗರಿಯಲ್ಲೂ ಇಡಬೇಕು. ಇವೆರಡನ್ನು ಬೆರೆಸಿದರೆ ಅನುಮತಿಯ ತೊಂದರೆ ಡಿಸ್ಕ್ ಕೆಟ್ಟಿದೆ ಎಂಬ ಮಾತಾಗಿ ಹೊರಬರುತ್ತದೆ, ಬಳಸುವವರು ಸುಮ್ಮನೆ ಡಿಸ್ಕ್ ಬದಲಿಸಲು ಹೊರಡುತ್ತಾರೆ. ಹೋಲಿಸುವಾಗ ಸಂಖ್ಯೆಯನ್ನು ಹೋಲಿಸಬೇಡಿ, ‘ಫೈಲ್ ಇಲ್ಲ’, ‘ಅನುಮತಿ ಇಲ್ಲ’ ಎಂಬ ಸಾಮಾನ್ಯ ಸ್ಥಿತಿಯನ್ನು ಹೋಲಿಸಿ.

ಈಗ ಇನ್‌ಕ್ಲೂಡ್ ಹುಡುಕಾಟ. ಪಟ್ಟಿಯ ಒಂದು ಡೈರೆಕ್ಟರಿಯಲ್ಲಿ ಹೆಡರ್ ಇಲ್ಲದಿದ್ದರೆ ಮುಂದಿನದಕ್ಕೆ ಹೋಗಬೇಕು. ಲಿನಕ್ಸಿನಲ್ಲಿ ಇಲ್ಲ ಎಂಬುದಕ್ಕೆ ಎರಡು ಮುಖ: ಫೈಲ್ ಇಲ್ಲ (2), ದಾರಿಯ ನಡುವೆ ಡೈರೆಕ್ಟರಿ ಇರಬೇಕಾದಲ್ಲಿ ಸಾಮಾನ್ಯ ಫೈಲ್ ಇದೆ (20). ವಿಂಡೋಸಿನಲ್ಲಿ ಫೈಲ್ ಇಲ್ಲದಿದ್ದರೆ 2, ಆ ಡೈರೆಕ್ಟರಿಯೇ ಇಲ್ಲದಿದ್ದರೆ 3. ನಿಮ್ಮ ಹುಡುಕಾಟ ನಿಲ್ಲುತ್ತಿರುವುದು ಬಹುಶಃ ಈ 3ರಲ್ಲಿ. ಇನ್ನೂ ಒಂದು ಮೂಲೆ ಇದೆ. ಹೆಡರಿನ ಹೆಸರಿನದ್ದೇ ಡೈರೆಕ್ಟರಿ ಎದುರಾದರೆ ಲಿನಕ್ಸ್ ಅದನ್ನು ಓದಲೆಂದು ತೆರೆದೇ ಕೊಡುತ್ತದೆ, ‘ರೀಡ್’ ಮಾಡಿದಾಗ 21 ಎನ್ನುತ್ತದೆ. ವಿಂಡೋಸ್ ತೆರೆಯುವಾಗಲೇ 5 ಎಂದು ತಡೆಯುತ್ತದೆ. ಆದ್ದರಿಂದ ಲಿನಕ್ಸಿನಲ್ಲಿ ತೆರೆದ ಕೂಡಲೇ ‘ಎಫ್‌ಸ್ಟ್ಯಾಟ್’ನಿಂದ ಇದು ಡೈರೆಕ್ಟರಿಯೇ ಎಂದು ನೋಡಿ; ವಿಂಡೋಸಿನಲ್ಲಿ 5 ಬಂದರೆ ಆ ಹೆಸರಿನ ಆಟ್ರಿಬ್ಯೂಟ್ ನೋಡಿ. ಡೈರೆಕ್ಟರಿಯಾಗಿದ್ದರೆ ಎರಡೂ ಕಡೆ ‘ಇಲ್ಲ’ ಎಂದೇ ಲೆಕ್ಕ ಹಾಕಿ ಮುಂದೆ ಹೋಗಬಹುದು.

ನಿಜವಾಗಿ ಅನುಮತಿ ಇಲ್ಲದ ಹೆಡರ್ ಸಿಕ್ಕರೆ ಅಲ್ಲಿಗೇ ನಿಲ್ಲಿ ಎಂಬುದು ನಮ್ಮ ಸಲಹೆ. ಮೌನವಾಗಿ ಮುಂದಿನ ಡೈರೆಕ್ಟರಿಗೆ ಹೋದರೆ ಅದೇ ಹೆಸರಿನ ಹಳೆಯ ಹೆಡರ್ ಸಿಕ್ಕಿ, ಕಂಪೈಲ್ ಆಗಿ, ತಪ್ಪು ಎಲ್ಲೋ ಮೂರು ಫೈಲಿನಾಚೆ ಹೊರಬೀಳುತ್ತದೆ.

ಕಂಪೈಲರ್ ಕಟ್ಟಲು ಬಳಸುವ ಮುಕ್ತ ಯೋಜನೆಯಾದ ಎಲ್‌ಎಲ್‌ವಿಎಂನ ಸಪೋರ್ಟ್ ಲೈಬ್ರರಿ ವಿಂಡೋಸ್ ಸಂಖ್ಯೆಗಳನ್ನು ಸಾಮಾನ್ಯ ಸ್ಥಿತಿಗಳಿಗೆ ಹೊಂದಿಸುವ ಪಟ್ಟಿಯನ್ನು ಒಂದೇ ಫಂಕ್ಷನ್ನಿನಲ್ಲಿ ಇಟ್ಟಿದೆ. ನೀವೂ ಹಾಗೇ ಮಾಡಿ. ಆದರೆ ಹೊಂದಿಸಿದ ಮೇಲೂ ಮೂಲ ಸಂಖ್ಯೆಯನ್ನು ಬಿಸಾಡಬೇಡಿ. ಬೇರೊಂದು ಪ್ರೋಗ್ರಾಂ ಫೈಲನ್ನು ಹಿಡಿದಿಟ್ಟಿದೆ ಎನ್ನುವ 32 ಕೂಡ ಆ ಪಟ್ಟಿಯಲ್ಲಿ ‘ಅನುಮತಿ ಇಲ್ಲ’ ಎಂದೇ ಆಗುತ್ತದೆ. ಅದಕ್ಕೂ 5ಕ್ಕೂ ಪರಿಹಾರ ಮಾತ್ರ ಬೇರೆ ಬೇರೆ.

ಪ್ರಶ್ನೆ: ಎರರ್ ಬಂದರೆ ಲೈಬ್ರರಿಯೇ ಮೆಸೇಜ್ ಮುದ್ರಿಸಿ ‘ಎಕ್ಸಿಟ್’ ಆಗಲಿ ಎಂದು ನಮ್ಮ ತಂಡದ ಅರ್ಧ ಜನ, ಹಿಂತಿರುಗಿಸಲಿ ಎಂದು ಇನ್ನರ್ಧ.
– ಸಕಲೇಶಪುರ

ಉತ್ತರ: ಹಿಂತಿರುಗಿಸಲಿ. ಇಂದು ಕಮಾಂಡ್ ಲೈನಿನಲ್ಲಿ ಓಡುವ ಅದೇ ಲೈಬ್ರರಿ ನಾಳೆ ಎಡಿಟರಿನೊಳಗೆ ಕೂತಾಗ, ಒಂದು ಹೆಡರ್ ಕಾಣದ್ದಕ್ಕೆ ಎಡಿಟರೇ ಮುಚ್ಚಿಹೋಗಬಾರದು. ಜಿಸಿಸಿ ಕಂಪೈಲರಿನ ಜೊತೆ ಬರುವ ಲಿಬ್‌ಐಬರ್ಟಿ ಲೈಬ್ರರಿಯಲ್ಲಿ ‘ಎಕ್ಸ್‌ಮ್ಯಾಲಕ್’ ಮೆಮೊರಿ ಸಿಗದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಒಮ್ಮೆ ಓಡಿ ಮುಗಿಯುವ ಪ್ರೋಗ್ರಾಮಿಗೆ, ಅದೂ ಮೆಮೊರಿಯ ವಿಷಯಕ್ಕೆ, ಅದು ಒಪ್ಪುವ ಮಾತು. ಫೈಲ್ ವಿಷಯಕ್ಕೆ ಅಲ್ಲ. ನಿಮ್ಮ ಕಂಪೈಲರಿನದೇ ಲೆಕ್ಕ ತಪ್ಪಿದ ಕಡೆ, ಅಂದರೆ ನಡೆಯಲೇಬಾರದ್ದು ನಡೆದಾಗ, ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ‘ಅಸರ್ಟ್’ ಇರಲಿ.

ಹಿಂತಿರುಗಿಸುವುದರ ಅಪಾಯ ಒಂದೇ: ಕರೆದವರು ನೋಡದೆ ಬಿಡುವುದು. ಎಲ್‌ಎಲ್‌ವಿಎಂನ ‘ಎರರ್’ ಮತ್ತು ‘ಎಕ್ಸ್‌ಪೆಕ್ಟೆಡ್’ ಟೈಪುಗಳು ಇದಕ್ಕೆ ಗಟ್ಟಿ ಉಪಾಯ ಮಾಡಿವೆ. ತಪಾಸಣೆ ಚಾಲೂ ಇರುವ ಬಿಲ್ಡಿನಲ್ಲಿ, ಹಿಂತಿರುಗಿದ ಬೆಲೆಯನ್ನು ಯಾರೂ ನೋಡದೆ ಅದು ನಾಶವಾದರೆ ಪ್ರೋಗ್ರಾಂ ಅಲ್ಲೇ ಅಬಾರ್ಟ್ ಆಗುತ್ತದೆ, ಬೆಲೆ ಗೆಲುವಾಗಿದ್ದರೂ ಸರಿ. ಗೆಲುವನ್ನೂ ನೋಡಲೇಬೇಕೆಂಬ ಈ ಹಟದಿಂದಲೇ, ಎಂದೋ ಒಮ್ಮೆ ಬರುವ ಸೋಲಿನ ದಾರಿ ದಿನನಿತ್ಯದ ಟೆಸ್ಟಿನಲ್ಲೇ ಬಯಲಾಗುತ್ತದೆ. ಸಿ++ ಎಕ್ಸೆಪ್ಷನ್ ಬಳಸದೆ ಇದನ್ನು ಸಾಧಿಸಿದ್ದಾರೆ.

ಸಿ ಭಾಷೆಯಲ್ಲಿ ಬರೆಯುತ್ತಿದ್ದರೆ ನಾಲ್ಕು ಭಾಗದ ಒಂದು ಸ್ಟ್ರಕ್ಟ್ ಸಾಕು: ಯಾರ ಪಟ್ಟಿ, ಯಾವ ಸಂಖ್ಯೆ, ಮಾಡುತ್ತಿದ್ದ ಕೆಲಸ, ಫೈಲಿನ ಹೆಸರು. ಕೊನೆಯ ಎರಡನ್ನು ಜನ ಬಿಟ್ಟುಬಿಡುತ್ತಾರೆ. ‘ಅನುಮತಿ ಇಲ್ಲ’ ಎಂದಷ್ಟೇ ಹೇಳಿದರೆ ಓದಿದವರು ಏನು ಮಾಡಬೇಕು? ‘“ಗಣಿತ.ಹೆಡ್” ಓದಲು ತೆರೆಯುವಾಗ: ಅನುಮತಿ ಇಲ್ಲ, ಸಿಸ್ಟಂ ಎರರ್ 13’ ಎಂದರೆ ಕೈಗೆ ಕೆಲಸ ಸಿಗುತ್ತದೆ.

ಪ್ರಶ್ನೆ: ನಮ್ಮದು ಕನ್ನಡ ಕೀವರ್ಡುಗಳ ಪುಟ್ಟ ಭಾಷೆ, ಫೈಲಿನ ಹೆಸರೂ ಕನ್ನಡದಲ್ಲೇ. ಲಿನಕ್ಸಿನಲ್ಲಿ ಸರಾಗ. ವಿಂಡೋಸಿನಲ್ಲಿ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಎರರ್ 123 ಬರುತ್ತದೆ. ಎರರ್ ಜಾಗ ತೋರಿಸುವ ಬಾಣದ ಗುರುತೂ ಎಲ್ಲೋ ಬಲಕ್ಕೆ ಹೋಗಿ ಕೂರುತ್ತದೆ.
– ಬೇಲೂರು

ಉತ್ತರ: ವಿಂಡೋಸಿನ ಹಳೆಯ ‘ಆನ್ಸಿ’ ಕೋಡ್‌ಪೇಜ್ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಅಲ್ಲಿ ಕನ್ನಡ ಯುನಿಕೋಡಿನಲ್ಲಿ ಮಾತ್ರ ಬದುಕುತ್ತದೆ. ‘ಮೇನ್’ಗೆ ಬರುವ ಆರ್ಗ್ಯುಮೆಂಟುಗಳು ಆ ಕೋಡ್‌ಪೇಜಿಗೆ ಇಳಿಯುವಾಗ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಆ ಚಿಹ್ನೆ ವಿಂಡೋಸ್ ಫೈಲ್ ಹೆಸರಿನಲ್ಲಿ ನಿಷಿದ್ಧ, ಅದಕ್ಕೇ 123, ಹೆಸರೇ ಸರಿಯಿಲ್ಲ ಎಂಬ ಎರರ್. ಕಮಾಂಡ್ ಲೈನನ್ನು ಯುಟಿಎಫ್-16 ರೂಪದಲ್ಲೇ ‘ಗೆಟ್‌ಕಮಾಂಡ್‌ಲೈನ್‌ಡಬ್ಲ್ಯು’ ಮೂಲಕ ಪಡೆದು, ಒಳಗೆಲ್ಲ ಯುಟಿಎಫ್-8 ಇಟ್ಟುಕೊಂಡು, ‘ಕ್ರಿಯೇಟ್‌ಫೈಲ್‌ಡಬ್ಲ್ಯು’ ಕರೆಯುವ ಹೊಸ್ತಿಲಲ್ಲಿ ಮಾತ್ರ ಮತ್ತೆ ಯುಟಿಎಫ್-16 ಮಾಡಿ. ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ (ಅದರ ಬೇಡಿಕೆಗಳ ಪಟ್ಟಿಯಲ್ಲಿ) ಯುಟಿಎಫ್-8 ಕೋಡ್‌ಪೇಜ್ ಕೇಳುವ ಸುಲಭ ದಾರಿಯೂ ಇದೆ, ಆದರೆ ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಅದು ನಡೆಯದು.

ಬಾಣದ ತೊಂದರೆ ಬೈಟ್ ಎಣಿಕೆಯದ್ದು. ‘ಹಾಸನ’ ಎಂಬುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ: ಹಾ, ಸ, ನ. ಯುನಿಕೋಡಿನಲ್ಲಿ ಹ, ದೀರ್ಘದ ಚಿಹ್ನೆ, ಸ, ನ ಎಂದು ನಾಲ್ಕು ಕೋಡ್ ಪಾಯಿಂಟ್. ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ ಯುಟಿಎಫ್-8ರಲ್ಲಿ 3 ಬೈಟ್, ಒಟ್ಟು 12. ಬೈಟ್ ಲೆಕ್ಕದಲ್ಲಿ ಖಾಲಿ ಜಾಗ ತುಂಬಿದರೆ ಬಾಣ ಮೂರಲ್ಲ, ಹನ್ನೆರಡು ಸ್ಥಾನ ಸರಿಯುತ್ತದೆ. ಅಕ್ಷರದ ಲೆಕ್ಕಕ್ಕೆ ಬದಲಿಸಿ. ಒತ್ತಕ್ಷರ, ಗುಣಿತಗಳ ಅಗಲ ಒಂದೊಂದು ಟರ್ಮಿನಲ್ಲಿನಲ್ಲಿ ಒಂದೊಂದು ಥರ ಇರುವುದರಿಂದ ಬಾಣವನ್ನೇ ನೆಚ್ಚಿಕೊಳ್ಳದೆ ತಪ್ಪಾದ ಪದವನ್ನು ಮೆಸೇಜಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಮತ್ತೆ ಬರೆಯಿರಿ.

ಇದೇ 3 ಬೈಟ್ ಇನ್ನೊಂದು ಕಡೆ ಕಾಡುತ್ತದೆ. ಲಿನಕ್ಸಿನಲ್ಲಿ ಒಂದು ಫೈಲ್ ಹೆಸರಿನ ಮಿತಿ 255 ಬೈಟ್, ಅಂದರೆ 85 ಕನ್ನಡ ಕೋಡ್ ಪಾಯಿಂಟ್. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಯುಟಿಎಫ್-16 ಲೆಕ್ಕದ 255, ಕನ್ನಡಕ್ಕೆ ಪೂರ್ತಿ 255. ಅಲ್ಲಿ ಕೂತ ಉದ್ದ ಹೆಸರು ಲಿನಕ್ಸಿನಲ್ಲಿ ಎರರ್ 36 (ಹೆಸರು ಉದ್ದವಾಯಿತು) ಕೊಡುತ್ತದೆ. ಮೂಲ ಹೆಸರಿಗೇ ಬಾಲ ಸೇರಿಸಿ ತಾತ್ಕಾಲಿಕ ಫೈಲ್ ಮಾಡುವವರು ಈ ಮಿತಿಯನ್ನು ಇನ್ನೂ ಬೇಗ ಮುಟ್ಟುತ್ತಾರೆ, ತಾತ್ಕಾಲಿಕ ಹೆಸರು ಬೇರೆಯದೇ ಆಗಿ ಚಿಕ್ಕದಿರಲಿ. ವಿಂಡೋಸಿನಲ್ಲಿ ಪೂರ್ತಿ ಪಾತ್‌ಗೆ (ಡೈರೆಕ್ಟರಿಗಳೂ ಸೇರಿದ ಫೈಲ್ ವಿಳಾಸಕ್ಕೆ) 260ರ ಹಳೆಯ ಮಿತಿಯೂ ಇದೆ. ಮೀರಬೇಕಾದರೆ ಪಾತ್ ಅನ್ನು ಪೂರ್ಣ ರೂಪಕ್ಕೆ ತಂದು, ‘ಮೇಲಿನ ಡೈರೆಕ್ಟರಿ’ ಎನ್ನುವ ಎರಡು ಚುಕ್ಕಿಗಳನ್ನು ಬಿಡಿಸಿ, ಮುಂದೆ \\?\ ಸೇರಿಸಿ.

ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳಲ್ಲಿ ಹೆಸರುಗಳು ಬಿಡಿಸಿದ ರೂಪದಲ್ಲಿ ಉಳಿಯುತ್ತವೆ. ನಿಮ್ಮ ಊರಿನ ಹೆಸರಲ್ಲೇ ಇದು ಕಾಣುತ್ತದೆ: ‘ಬೇಲೂರು’ ಪದದ ಏತ್ವದ ದೀರ್ಘ ಒಂದೇ ಕೋಡ್ ಪಾಯಿಂಟ್ ಆಗಿದ್ದದ್ದು, ಹ್ರಸ್ವ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗುತ್ತದೆ. 18 ಬೈಟಿನ ಹೆಸರು 21 ಬೈಟ್ ಆಗಿ ವಾಪಸು ಬರುತ್ತದೆ. ನೋಡಲು ಒಂದೇ, ಬೈಟ್ ಹೋಲಿಕೆಯಲ್ಲಿ ಬೇರೆ. ‘ಈ ಹೆಡರ್ ಆಗಲೇ ಸೇರಿದೆಯೇ’ ಎಂಬುದನ್ನು ಹೆಸರಿನಿಂದ ತೀರ್ಮಾನಿಸಬೇಡಿ. ಫೈಲಿಗೆ ಸಿಸ್ಟಂ ಇಟ್ಟಿರುವ ಗುರುತನ್ನು ನೋಡಿ: ಯುನಿಕ್ಸ್ ಕುಲದಲ್ಲಿ ಡಿವೈಸ್ ಮತ್ತು ಐನೋಡ್ ಸಂಖ್ಯೆ, ವಿಂಡೋಸಿನಲ್ಲಿ ವಾಲ್ಯೂಮ್ ಮತ್ತು ಫೈಲ್ ಇಂಡೆಕ್ಸ್ ಹೋಲಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಕೆಲವು ಆಬ್ಜೆಕ್ಟ್ ಫೈಲುಗಳು (ಕಂಪೈಲರ್ ಬರೆದ ಯಂತ್ರಭಾಷೆಯ ಫೈಲುಗಳು) ಸೊನ್ನೆ ಬೈಟ್ ಇರುತ್ತವೆ. ಡಿಸ್ಕ್ ತುಂಬಿದಾಗಲಂತೂ ಅರ್ಧ ಬರೆದ ಫೈಲನ್ನೇ ಬಿಲ್ಡ್ ನಡೆಸುವ ‘ಮೇಕ್’ ಸರಿಯೆಂದು ಭಾವಿಸುತ್ತದೆ.
– ಮೂಡಿಗೆರೆ

ಉತ್ತರ: ಮೊದಲು ಡಿಸ್ಕ್ ತುಂಬುವುದು. ‘ಎಫ್‌ಪ್ರಿಂಟ್‌ಎಫ್’ ಬರೆದದ್ದು ಬಫರಿಗೆ ಹೋಗುತ್ತದೆ, ಡಿಸ್ಕಿಗಲ್ಲ. ಜಾಗವಿಲ್ಲ (28) ಎಂಬುದು ಬಫರ್ ಖಾಲಿಯಾಗುವಾಗ, ಎಷ್ಟೋ ಸಲ ‘ಎಫ್‌ಕ್ಲೋಸ್’ನಲ್ಲಿ ಗೊತ್ತಾಗುತ್ತದೆ. ಆ ರಿಟರ್ನ್ ಬೆಲೆಯನ್ನು ನೋಡದ ಕಂಪೈಲರ್ ಗೆದ್ದೆನೆಂದು 0 ಹಿಂತಿರುಗಿಸುತ್ತದೆ. ನೇರ ‘ರೈಟ್’ ಕರೆಯೂ ಕೇಳಿದ್ದಕ್ಕಿಂತ ಕಡಿಮೆ ಬರೆದು ಬರಬಹುದು, ಉಳಿದದ್ದನ್ನು ಲೂಪಿನಲ್ಲಿ ಬರೆಯಬೇಕು. ಪರೀಕ್ಷೆಗೆ ಡಿಸ್ಕ್ ತುಂಬಿಸಬೇಕಿಲ್ಲ: ಲಿನಕ್ಸಿನಲ್ಲಿ /ಡೆವ್/ಫುಲ್ ಎಂಬ ಡಿವೈಸಿಗೆ ಏನು ಬರೆದರೂ 28 ಬರುತ್ತದೆ. ನಿಮ್ಮ ಕಂಪೈಲರಿನ ಔಟ್‌ಪುಟ್ಟನ್ನು ಅದಕ್ಕೆ ತಿರುಗಿಸಿ ಎಕ್ಸಿಟ್ ಕೋಡ್ ನೋಡಿ. ಸೊನ್ನೆ ಬಂದರೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ.

ಅರ್ಧ ಫೈಲ್ ಕಾಣದಿರಲು, ಔಟ್‌ಪುಟ್ ಇರುವ ಡೈರೆಕ್ಟರಿಯಲ್ಲೇ ‘ಎಮ್‌ಕೆಎಸ್‌ಟೆಂಪ್’ನಿಂದ ತಾತ್ಕಾಲಿಕ ಫೈಲ್ ಮಾಡಿ, ಪೂರ್ತಿ ಬರೆದು, ಮುಚ್ಚಿ, ಪ್ರತಿ ಹೆಜ್ಜೆಯ ಎರರ್ ನೋಡಿಕೊಂಡು, ಕೊನೆಗೆ ‘ರೀನೇಮ್’ ಮಾಡಿ. ನಡುವೆ ಸೋತರೆ ತಾತ್ಕಾಲಿಕ ಫೈಲ್ ಅಳಿಸಿ. ಅದನ್ನು /ಟೆಂಪ್‌ನಲ್ಲಿ ಮಾಡಿದರೆ ಎರಡು ಬೇರೆ ಫೈಲ್‌ಸಿಸ್ಟಂಗಳ ನಡುವಿನ ರೀನೇಮ್ ಆಗಿ ಎರರ್ 18 ಬರಬಹುದು. ಮೇಕ್‌ಫೈಲಿನಲ್ಲಿ ‘ಡಿಲೀಟ್ ಆನ್ ಎರರ್’ ಟಾರ್ಗೆಟ್ ಹಾಕುವುದೂ ಒಳ್ಳೆಯದು, ಗ್ನೂ ಮೇಕ್ ಆಗ ಸೋತ ಕಮಾಂಡಿನ ಅರ್ಧ ಫಲವನ್ನು ತಾನೇ ಅಳಿಸುತ್ತದೆ.

ಕರೆಂಟ್ ಹೋಗುವುದು ಬೇರೆ ಸಂಗತಿ. ಹೆಸರು ಬದಲಾದದ್ದು ಡಿಸ್ಕಿಗೆ ಮುಟ್ಟಿ, ಒಳಗಿನ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರುವಾಗ ವಿದ್ಯುತ್ ಕಡಿದರೆ ಸೊನ್ನೆ ಬೈಟಿನ ಫೈಲ್ ಉಳಿಯಬಹುದು. ರೀನೇಮ್‌ಗೆ ಮುನ್ನ ಮಾಹಿತಿಯನ್ನು ಡಿಸ್ಕಿಗೆ ಮುಟ್ಟಿಸುವ ‘ಎಫ್‌ಸಿಂಕ್’ ಕರೆದರೆ ಅದು ತಪ್ಪುತ್ತದೆ. ಆದರೆ ಪ್ರತಿ ಆಬ್ಜೆಕ್ಟ್ ಫೈಲಿಗೂ ಹಾಗೆ ಮಾಡಿದರೆ ಬಿಲ್ಡ್ ಬಹಳ ನಿಧಾನವಾಗುತ್ತದೆ. ಆಬ್ಜೆಕ್ಟ್ ಫೈಲನ್ನು ಮತ್ತೆ ಕಟ್ಟಿಕೊಳ್ಳಬಹುದು, ಅದಕ್ಕೆ ಬೇಡ. ಕರೆಂಟ್ ಹೋಗಿ ಬಂದ ದಿನ ‘ಕ್ಲೀನ್’ ಮಾಡಿ ಕಟ್ಟಿ. ದಿನಗಟ್ಟಲೆ ಉಳಿಯುವ ಕಂಪೈಲರ್ ಕ್ಯಾಶ್ ಇದ್ದರೆ ಅದರ ತಲೆಯಲ್ಲಿ ಉದ್ದವನ್ನೂ ಚೆಕ್‌ಸಮ್ಮನ್ನೂ ಬರೆದಿಟ್ಟು ಓದುವಾಗ ತಾಳೆ ನೋಡಿ.

ವಿಂಡೋಸಿನಲ್ಲಿ ಸಿ ಲೈಬ್ರರಿಯ ರೀನೇಮ್ ಆಗಲೇ ಇರುವ ಫೈಲಿನ ಮೇಲೆ ನಡೆಯುವುದಿಲ್ಲ. ‘ಮೂವ್‌ಫೈಲ್‌ಎಕ್ಸ್’ಗೆ ಬದಲಿಸು ಎಂಬ ಫ್ಲಾಗ್ ಕೊಡಿ. ಆಂಟಿವೈರಸ್ ಹೊಸ ಫೈಲನ್ನು ಕ್ಷಣಕಾಲ ಹಿಡಿದಿಟ್ಟು 5 ಅಥವಾ 32 ಬರುವುದುಂಟು. 10 ಮಿಲಿಸೆಕೆಂಡ್ ಬಿಟ್ಟು ಬಿಟ್ಟು ಎರಡು ಸೆಕೆಂಡಿನವರೆಗೆ ಪ್ರಯತ್ನಿಸಿ, ಆಮೇಲೆ ಮೂಲ ಸಂಖ್ಯೆಯೊಂದಿಗೆ ಸೋಲೊಪ್ಪಿ. ಹಳೆಯ ಫೈಲನ್ನು ನಿಮ್ಮದೇ ಪ್ರೋಗ್ರಾಂ ಮೆಮೊರಿಗೆ ಮ್ಯಾಪ್ ಮಾಡಿಕೊಂಡಿದ್ದರೆ ಎಷ್ಟು ಕಾದರೂ ಆಗದು, ಮೊದಲು ಮ್ಯಾಪ್ ಬಿಡಿ.

ಪ್ರಶ್ನೆ: ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಕಂಪೈಲರ್ ಓಡಿಸಿ, ಔಟ್‌ಪುಟ್ ಬೇಡವೆಂದು ಬರೆದದ್ದನ್ನೆಲ್ಲ ನುಂಗುವ /ಡೆವ್/ನಲ್ ಕೊಟ್ಟೆವು. ಸೋರ್ಸಿನಲ್ಲಿ ತಪ್ಪಿತ್ತು. ಆಮೇಲೆ /ಡೆವ್/ನಲ್ ಇಲ್ಲವೇ ಇಲ್ಲ!
– ಚನ್ನರಾಯಪಟ್ಟಣ

ಉತ್ತರ: ಎರರ್ ಬಂದಾಗ ಔಟ್‌ಪುಟ್ ಅಳಿಸುವ ನಿಮ್ಮ ಕೋಡ್ ಅದನ್ನೂ ಅಳಿಸಿದೆ, ರೂಟ್ ಆದದ್ದರಿಂದ ಸಿಸ್ಟಂ ತಡೆಯಲಿಲ್ಲ. ಅಳಿಸುವ ಮುನ್ನ ಇದು ಸಾಮಾನ್ಯ ಫೈಲೇ ಎಂದು ನೋಡಿ. ಲಿಬ್‌ಐಬರ್ಟಿಯಲ್ಲಿ ಇದಕ್ಕೆಂದೇ ‘ಅನ್‌ಲಿಂಕ್ ಇಫ್ ಆರ್ಡಿನರಿ’ ಎಂಬ ಫಂಕ್ಷನ್ ಇದೆ. ಎಲ್‌ಎಲ್‌ವಿಎಂ ಕೂಡ ಸಿಗ್ನಲ್ ಬಂದಾಗ ಫೈಲ್ ಅಳಿಸುವ ಮುನ್ನ ಇದನ್ನೇ ನೋಡುತ್ತದೆ. ಮೇಲೆ ಹೇಳಿದ ರೀನೇಮ್ ಉಪಾಯವೂ ಸಾಮಾನ್ಯ ಫೈಲಿಗೆ ಮಾತ್ರ, ಡಿವೈಸಿಗೆ ನೇರವಾಗಿ ಬರೆಯಿರಿ. ಕಳೆದುಹೋದದ್ದನ್ನು ‘ಎಮ್‌ಕೆನೋಡ್’ನಿಂದ ಕ್ಯಾರೆಕ್ಟರ್ ಡಿವೈಸ್ ಆಗಿ, ಮೇಜರ್ 1, ಮೈನರ್ 3, ಅನುಮತಿ 666 ಕೊಟ್ಟು ಮತ್ತೆ ಮಾಡಿಕೊಳ್ಳಬಹುದು.

ಪ್ರಶ್ನೆ: ಕೋಡಿನ ತುಂಬ ವಿಂಡೋಸ್ ಇಫ್‌ಡೆಫ್‌ಗಳು (ಸಿಸ್ಟಂ ನೋಡಿ ಕೋಡ್ ಆರಿಸುವ ಸಾಲುಗಳು). ಅದೂ ಸಾಲದೆ, ಉಬುಂಟುವಿನಲ್ಲಿ ನೆಟ್ಟಗಿರುವ ಎರರ್ ಮೆಸೇಜ್ ಆಲ್ಪೈನ್ ಲಿನಕ್ಸಿನಲ್ಲಿ ಕ್ರ್ಯಾಶ್ ಆಗುತ್ತದೆ.
– ಕಡೂರು

ಉತ್ತರ: ಕ್ರ್ಯಾಶಿಗೆ ಕಾರಣ ಎರರ್ ಸಂಖ್ಯೆಯನ್ನು ಮೆಸೇಜ್ ಮಾಡುವ ‘ಸ್ಟ್ರ್‌ಎರರ್‌ಆರ್’. ಒಂದೇ ಹೆಸರಿನಲ್ಲಿ ಎರಡು ಫಂಕ್ಷನ್ನುಗಳಿವೆ. ಉಬುಂಟುವಿನ ಜಿಲಿಬ್‌ಸಿ ಗ್ನೂ ರೂಪದಲ್ಲಿ ಮೆಸೇಜಿನ ಪಾಯಿಂಟರನ್ನು ಹಿಂತಿರುಗಿಸುತ್ತದೆ, ನೀವು ಕೊಟ್ಟ ಬಫರನ್ನು ಮುಟ್ಟದೆಯೂ ಇರಬಹುದು. ಆಲ್ಪೈನಿನ ಸಿ ಲೈಬ್ರರಿಯಾದ ಮಸ್ಲ್, ಪೋಸಿಕ್ಸ್ ಮಾನದಂಡದ ರೂಪದಲ್ಲಿ ಒಂದು ಇಂಟ್ ಹಿಂತಿರುಗಿಸಿ ಮೆಸೇಜನ್ನು ಬಫರಿನಲ್ಲಿ ಬರೆಯುತ್ತದೆ. ಆ ಇಂಟನ್ನು ಪಾಯಿಂಟರ್ ಎಂದು ಓದಿದರೆ ಕ್ರ್ಯಾಶ್. ಎರಡೂ ಲಿನಕ್ಸೇ, ಆದ್ದರಿಂದ ಸಿಸ್ಟಂ ಹೆಸರು ಕೇಳಿ ಪ್ರಯೋಜನವಿಲ್ಲ. ಯಾವ ರೂಪ ಇದೆ ಎಂದು ಬಿಲ್ಡಿಗೆ ಮುನ್ನ, ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಮೂಲಕ ಪುಟ್ಟ ಕೋಡ್ ಕಂಪೈಲ್ ಮಾಡಿ ತಿಳಿಯಿರಿ. ಸಿ++ನಲ್ಲಾದರೆ ಹಿಂತಿರುಗಿದ ಬೆಲೆಯನ್ನು ಎರಡು ಓವರ್‌ಲೋಡುಗಳಿಗೆ ಕೊಟ್ಟರೂ ಸಾಕು, ಇಂಟ್ ಒಂದಕ್ಕೆ, ಪಾಯಿಂಟರ್ ಇನ್ನೊಂದಕ್ಕೆ ತಾನೇ ಹೋಗುತ್ತದೆ.

ಇಫ್‌ಡೆಫ್‌ಗಳ ವಿಷಯದಲ್ಲಿ ಎಲ್‌ಎಲ್‌ವಿಎಂ ಜೋಡಣೆ ಅನುಸರಿಸಲು ಯೋಗ್ಯ. ಹೆಡರಿನಲ್ಲಿ ಏನು ಮಾಡಬೇಕೆಂಬುದಷ್ಟೇ ಇರುತ್ತದೆ. ಹೇಗೆ ಎಂಬುದು ‘ಯುನಿಕ್ಸ್’, ‘ವಿಂಡೋಸ್’ ಎಂಬ ಎರಡು ಫೋಲ್ಡರುಗಳ ಫೈಲುಗಳಲ್ಲಿ ಇದ್ದು, ಸಾಮಾನ್ಯ ಫೈಲಿನ ಒಂದೇ ಇಫ್‌ಡೆಫ್ ಇವೆರಡರಲ್ಲಿ ಒಂದನ್ನು ಸೇರಿಸುತ್ತದೆ. ವಿಂಡೋಸ್.ಎಚ್ ನಿಮ್ಮ ಯಾವ ಸಾರ್ವಜನಿಕ ಹೆಡರಿನಲ್ಲೂ ಬರಬಾರದು. ಕಂಪೈಲರ್ ಬರೆಯುವವರಿಗೆ ಇದು ಮತ್ತೂ ಮುಖ್ಯ: ಇನ್, ಔಟ್, ಕಾನ್ಸ್ಟ್, ವಾಯ್ಡ್, ಡಿಲೀಟ್, ಎರರ್ ಎಂಬ ದೊಡ್ಡಕ್ಷರದ ಹೆಸರುಗಳನ್ನೆಲ್ಲ ಅದು ಮ್ಯಾಕ್ರೋ ಮಾಡಿಟ್ಟಿದೆ. ನಿಮ್ಮ ಟೋಕನ್ ಪಟ್ಟಿಯಲ್ಲಿರುವುದೂ ಇದೇ ಹೆಸರುಗಳಲ್ಲವೇ?

ಪ್ರಶ್ನೆ: ಸಿಗ್ನಲ್ ಬಂದು ಕರೆ ನಡುವೆ ನಿಂತರೆ (ಎರರ್ 4) ಮತ್ತೆ ಕರೆಯಬೇಕು ಎಂದು ಓದಿದ್ದೇನೆ. ಎಲ್ಲ ಕರೆಗಳಿಗೂ ಹಾಗೇ ಲೂಪ್ ಹಾಕಲೇ?
– ಅರಸೀಕೆರೆ

ಉತ್ತರ: ಓಪನ್, ರೀಡ್, ರೈಟ್, ವೇಟ್‌ಪಿಡ್‌ಗೆ ಹಾಕಿ. ಕ್ಲೋಸ್‌ಗೆ ಬೇಡ. ಲಿನಕ್ಸಿನಲ್ಲಿ ಕ್ಲೋಸ್ 4 ಎಂದು ಹೇಳಿದರೂ ಆ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಸ್ಟಂ ಕೊಟ್ಟ ಸಂಖ್ಯೆ) ಆಗಲೇ ಬಿಡುಗಡೆಯಾಗಿರುತ್ತದೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಫೈಲ್ ತೆರೆದು ಅದೇ ಸಂಖ್ಯೆಯನ್ನು ಪಡೆದಿದ್ದರೆ, ನಿಮ್ಮ ಎರಡನೇ ಕ್ಲೋಸ್ ಮುಚ್ಚುವುದು ಅದರ ಫೈಲನ್ನು. ಆ ಥ್ರೆಡ್ಡಿಗೆ ಮುಂದಿನ ಬರಹದಲ್ಲಿ ಎರರ್ 9 (ಈ ಡಿಸ್ಕ್ರಿಪ್ಟರ್ ಸರಿಯಿಲ್ಲ) ಬರುತ್ತದೆ, ಕಾರಣ ಮಾತ್ರ ಅದರ ಕೋಡಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಬೇರೆ ಕೆಲವು ಯುನಿಕ್ಸ್‌ಗಳಲ್ಲಿ ನಡತೆ ಬೇರೆ ಇರುವುದರಿಂದ, ಎಲ್ಲ ಕಡೆ ಸುರಕ್ಷಿತವಾದ ದಾರಿಯೆಂದರೆ ಆ ಥ್ರೆಡ್ಡಿನ ಸಿಗ್ನಲ್‌ಗಳನ್ನು ತಡೆಹಿಡಿದು, ಒಮ್ಮೆ ಮಾತ್ರ ಕ್ಲೋಸ್ ಕರೆದು, ಅದರ ಎರರ್ ಎತ್ತಿಟ್ಟುಕೊಂಡು, ಆಮೇಲೆ ಸಿಗ್ನಲ್‌ಗಳನ್ನು ಬಿಡುವುದು.